ಐಸ್ ತುಂಬಿದ ತಗಡಿನ ಡಬ್ಬಿ

ಹೊಸದುರ್ಗದ ಕಡೆ ನಾನು ಸೇವೆಯಲ್ಲಿದ್ದ ದಿನಗಳಲ್ಲಿ ನನ್ನ ಬಳಿ ಎಂಟುನೂರು ಸಿ.ಸಿ.ಯ ಹಳೆಯ ಪೆಟ್ರೋಲ್ ಕಾರೊಂದಿತ್ತು. ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಹಲವು ವರ್ಷ ದುಡಿದು ದಣಿದ ಮೇಲೆ ಅದು ನನ್ನ ಪಾಲಿಗೆ ಬಂದಿತ್ತು. ಊರಿನವರಿಗೆ ಅದು ನನ್ನ ಕಾರು ಎನ್ನುವುದಕ್ಕಿಂತ ಎಲ್ಲರ ಕಾರು. 108 ಆಂಬುಲೆನ್ಸ್ ಸೇವೆ ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆ ಹಳ್ಳಿಗಳಲ್ಲಿ ಅಪರಾತ್ರಿ ಯಾರಿಗಾದರೂ ಎದೆನೋವು ಬಂದರೆ, ಹಾವು ಕಡಿದರೆ, ಯಾರ ಮನೆಯ ಅಂಗಳದಲ್ಲಿ ನಾಲ್ಕು ಚಕ್ರದ ಗಾಡಿ ಇದೆಯೋ ಆ ಮನೆಯ ಬಾಗಿಲನ್ನೇ ಜನ ತಟ್ಟುತ್ತಿದ್ದರು.

2003ರ ಬೇಸಿಗೆ. ಅದು ಸತತ ಬರದ ಕಾಲ. ತೆಂಗಿನ ಮರಗಳು ಗರಿ ಇಳಿಬಿಟ್ಟು ನಿಂತಿದ್ದವು. ಮಾರಿಕಣಿವೆಯ ಹಿನ್ನೀರು ಎಲ್ಲೋ ದೂರಕ್ಕೆ ಸರಿದಿತ್ತು. ಅಂತಹ ಮಧ್ಯಾಹ್ನಗಳಲ್ಲಿ ನಮ್ಮ ಕಾರಿಗೆ ಒಂದು ರೋಗ ಅಂಟಿಕೊಂಡಿತು. ಬೆಳಗಿನ ಹೊತ್ತು ಸುಮಾರಾಗಿ ಓಡುತ್ತಿದ್ದ ಗಾಡಿ ಬಿಸಿಲೇರಿದಂತೆ ಮಂಕಾಗುತ್ತಿತ್ತು. ನಾಲ್ಕು ಜನ ಕುಳಿತರೆ ಸಣ್ಣ ಏರನ್ನೂ ಎರಡನೇ ಗೇರಿನಲ್ಲಿ ನರಳುತ್ತಾ ಹತ್ತುತ್ತಿತ್ತು. ಪ್ಲಗ್ಗು ಬದಲಾಯಿಸಿದೆವು, ಕಾರ್ಬುರೇಟರ್ ತೊಳೆಸಿದೆವು, ಗುಣ ಕಾಣಲಿಲ್ಲ.

ನಾನು ಹೋಗುತ್ತಿದ್ದ ಗ್ಯಾರೇಜಿನಲ್ಲಿ ಮೇಸ್ತ್ರಿಯ ಅಕ್ಕನ ಮಗ ಕೆಲಸಕ್ಕಿದ್ದ. ವಯಸ್ಸು ಹತ್ತೊಂಬತ್ತಿರಬಹುದು. ಐ.ಟಿ.ಐ. ಅರ್ಧಕ್ಕೆ ಬಿಟ್ಟವನು. ಆದರೆ ಕಣ್ಣಿಗೆ ಬಿದ್ದ ಯಂತ್ರವನ್ನೆಲ್ಲ ಬಿಚ್ಚಿ ನೋಡದಿದ್ದರೆ ಅವನಿಗೆ ನಿದ್ದೆ ಬಾರದು. ಒಂದು ದಿನ ಬಾನೆಟ್ಟಿನೊಳಗೆ ಕೈಯಿಟ್ಟು, ಚುರ್ರೆಂದು ಹಿಂದಕ್ಕೆಳೆದುಕೊಂಡು ಹೇಳಿದ: "ಫಾದರ್, ಪೆಟ್ರೋಲ್ ಸಾಲದೇ ಬಂದ ತೊಂದರೆ ಅಲ್ಲ ಇದು. ಗಾಡಿಗೆ ಉಸಿರು ಸಾಲ್ತಿಲ್ಲ. ಕಾದ ಗಾಳಿ ಕುಡಿದೂ ಕುಡಿದೂ ಉಬ್ಬಸ ಬಂದೈತೆ."

ಸೆಮಿನರಿಯಲ್ಲಿ ನಾವು ಓದಿದ್ದು ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರ. ಭೌತಶಾಸ್ತ್ರವನ್ನು ಪಿ.ಯು.ಸಿ.ಯ ಬಾಗಿಲಲ್ಲೇ ಬಿಟ್ಟು ಬಂದವನು ನಾನು. ಆದರೂ ಅವನ ಮಾತಿನ ಹಿಂದಿದ್ದ ನಿಯಮ ಥಟ್ಟನೆ ನೆನಪಾಯಿತು. ಗಾಳಿ ಕಾದರೆ ಹಿಗ್ಗುತ್ತದೆ; ಹಿಗ್ಗಿದ ಗಾಳಿ ಹಗುರ. ಎಂಜಿನ್ನಿನ ಸಿಲಿಂಡರು ಪ್ರತಿಸಲವೂ ಅದೇ ಅಳತೆಯ ಗಾಳಿಯನ್ನು ಸೆಳೆದುಕೊಳ್ಳುತ್ತದೆ, ಆದರೆ ಅದರಲ್ಲಿರುವ ಆಮ್ಲಜನಕ ಕಡಿಮೆಯಾಗಿರುತ್ತದೆ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು ಹದಿನೈದು ಗ್ರಾಂ ಗಾಳಿ ಬೇಕು. ಅರವತ್ತು ಡಿಗ್ರಿಯ ಗಾಳಿಯನ್ನು ಮೂವತ್ತಕ್ಕೆ ಇಳಿಸಿದರೆ ಅಷ್ಟೇ ಜಾಗದಲ್ಲಿ ನೂರಕ್ಕೆ ಹತ್ತರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ. ಮೂವತ್ತೇಳು ಕುದುರೆಶಕ್ತಿಯ ಬಡ ಎಂಜಿನ್ನಿಗೆ ಹತ್ತರಲ್ಲೊಂದು ಪಾಲು ಎಂಬುದು ಕಡಿಮೆಯಲ್ಲ.

"ಗಾಳೀನ ತಣ್ಣಗೆ ಮಾಡಿ ಕುಡಿಸೋಣ ಫಾದರ್" ಎಂದ. ಮೇಸ್ತ್ರಿ ಗದರಿದರು. ನಾನೇ, "ಮಾಡಲಿ ಬಿಡಿ ಮೇಸ್ತ್ರಿ" ಎಂದೆ. ಈ ಮಾತು ಮುಂದೆ ಲೆಕ್ಕಕ್ಕೆ ಬರುತ್ತದೆ.

ಗುಜರಿಯಲ್ಲಿ ಅವನಿಗೆ ಅಪಘಾತದ ಕಾರೊಂದರ ಏ.ಸಿ.ಯ ಕೂಲಿಂಗ್ ಕಾಯಿಲ್ ಸಿಕ್ಕಿತು. ಅದರ ಸುತ್ತ ತಗಡಿನ ಡಬ್ಬಿ ಬಡಿದು ಬೆಸುಗೆ ಹಾಕಿದ. ಏರ್ ಕ್ಲೀನರಿನಿಂದ ಹೊರಟ ಗಾಳಿ ಈ ಡಬ್ಬಿಯನ್ನು ಹಾಯ್ದು ಕಾರ್ಬುರೇಟರಿಗೆ ಹೋಗಬೇಕು. ಮುಂದಿನ ಸೀಟಿನ ಕೆಳಗೆ ಥರ್ಮೋಕೋಲ್ ಪೆಟ್ಟಿಗೆ, ಅದರಲ್ಲಿ ಐಸು ಮತ್ತು ನೀರು. ಗಾಜು ತೊಳೆಯುವ ನೀರಿನ ಪುಟ್ಟ ಪಂಪು ಆ ತಣ್ಣೀರನ್ನು ಕಾಯಿಲಿನೊಳಗೆ ಸುತ್ತಿಸಬೇಕು. ಗಳಿಗೆಯ ಕೆಲಸಕ್ಕೆಂದು ಮಾಡಿದ ಪಂಪು ಗಂಟೆಗಟ್ಟಲೆ ಓಡಿ ಮೊದಲ ವಾರವೇ ಸುಟ್ಟಿತು. ಇನ್ನೊಂದು ತಂದು ಹಾಕಿದ. ಕಾಯಿಲಿನ ಮೈಮೇಲೆ ಬೆವರುವ ನೀರು ಇಳಿದು ಹೋಗಲು ಡಬ್ಬಿಯ ತಳದಲ್ಲೊಂದು ತೂತು ಮಾಡಿದ್ದ. ಆದರೆ ಅದನ್ನು ತೆರೆದೇ ಬಿಟ್ಟರೆ ಎಂಜಿನ್ನು ಆ ತೂತಿನಿಂದ ದೂಳನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ರಬ್ಬರ್ ಬಿರಡೆ ಜಡಿದು, ನನ್ನನ್ನು ಕರೆದು ತೋರಿಸಿ, ಎರಡು ಸಲ ಹೇಳಿದ: "ಮಳೆ ಬಂದ ದಿನ ಇದನ್ನ ಬಿಚ್ಚಿ ನೀರು ಇಳಿಸಬೇಕು ಫಾದರ್. ಮರೀಬೇಡಿ."

ಸತ್ಯ ಹೇಳುತ್ತೇನೆ, ಗಾಡಿ ಓಡಿತು. ಎರಡನೇ ಗೇರಿನ ಏರನ್ನು ಮೂರರಲ್ಲಿ ಹತ್ತಿತು. ಪಕ್ಕದಲ್ಲಿ ಕುಳಿತಿದ್ದ ಹುಡುಗನ ಮುಖದಲ್ಲಿ ಅಂದು ನಾನು ಕಂಡ ಸಂತೋಷವನ್ನು ಬೇರೆಲ್ಲೂ ಹೆಚ್ಚಾಗಿ ಕಂಡಿಲ್ಲ. ಆದರೆ ಐಸಿನ ಲೆಕ್ಕ ಮಾತ್ರ ಕ್ರೂರವಾಗಿತ್ತು. ಆ ಪುಟ್ಟ ಎಂಜಿನ್ನು ನಿಮಿಷಕ್ಕೆ ಸುಮಾರು ಒಂದು ಕಿಲೋ ಗಾಳಿ ಕುಡಿಯುತ್ತದೆ. ಅಷ್ಟನ್ನು ಮೂವತ್ತು ಡಿಗ್ರಿ ತಣಿಸಲು ಹತ್ತು ನಿಮಿಷಕ್ಕೊಂದು ಕಿಲೋ ಐಸು ಕರಗಬೇಕು. ಚಿತ್ರದುರ್ಗಕ್ಕೆ ಹೋಗಿಬರುವಷ್ಟರಲ್ಲಿ ಪೆಟ್ರೋಲಿನ ಜೊತೆಗೆ ಐಸ್ ಕ್ಯಾಂಡಿ ಕಾರ್ಖಾನೆಗೂ ದುಡ್ಡು ತೆರಬೇಕಿತ್ತು. ಅಮೆರಿಕದ ಡಾಡ್ಜ್ ಕಂಪನಿಯವರು 2018ರ ಡೀಮನ್ ಕಾರಿನಲ್ಲಿ ಏ.ಸಿ.ಯ ತಂಪನ್ನೇ ಎಂಜಿನ್ನಿನ ಗಾಳಿಯನ್ನು ತಣಿಸಲು ತಿರುಗಿಸಿದರೆಂದು ಓದಿದಾಗ ನನಗೆ ಈ ಹುಡುಗನೇ ನೆನಪಾದ. ಅವರಿಗೆ ಬೇಕಾದದ್ದು ಕಾಲು ಮೈಲಿಯ ಪಂದ್ಯಕ್ಕೆ ಸಾಕಾಗುವಷ್ಟು ತಂಪು. ನಮಗೋ ಹಳ್ಳಿ ಹಳ್ಳಿ ತಿರುಗಬೇಕಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಚಿತ್ರದುರ್ಗದಲ್ಲಿ ಸಭೆ ಮುಗಿಸಿ ಪೆಟ್ಟಿಗೆಗೆ ಐಸು ತುಂಬಿಸಿಕೊಂಡು ಹೊರಟೆ. ದಾರಿಯಲ್ಲೇ ಮಳೆ ಹಿಡಿಯಿತು. ಗಾಳಿ ತಾನೇ ತಂಪಾಯಿತು, ಐಸಿನ ಅಗತ್ಯವಿರಲಿಲ್ಲ. ಆದರೂ ಪಂಪು ನಿಲ್ಲಿಸಲಿಲ್ಲ. ತುಂಬಿಸಿದ ಐಸು ದಂಡವಾಗಬಾರದೆಂಬ ಜಿಪುಣತನವೋ, ಯಂತ್ರದ ಮೋಹವೋ! ಮನೆ ಸೇರಿ ಊಟ ಮಾಡಿ ಮಲಗಿದೆ. ಬಿರಡೆಯ ನೆನಪು ಬರಲಿಲ್ಲ.

ಹನ್ನೊಂದೂವರೆಗೆ ಬಾಗಿಲು ತಟ್ಟಿದರು. ಹೆರಿಗೆ ನೋವು ತಿನ್ನುತ್ತಿದ್ದ ಚೊಚ್ಚಲ ಬಸುರಿ, ಅವಳ ಅತ್ತೆ, ಗಂಡ. ತಾಲ್ಲೂಕು ಆಸ್ಪತ್ರೆ ಇನ್ನೂ ಐದಾರು ಕಿಲೋಮೀಟರ್ ಇದೆ ಎನ್ನುವಾಗ ಒಂದು ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಇಂಥ ಕಡೆ ನೀರಿಗಿಂತ ದೊಡ್ಡ ಶತ್ರು ಬೇರಿಲ್ಲ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ವೇಗದಲ್ಲಿದ್ದಾಗ ಸಿಲಿಂಡರಿಗೆ ಬೇಕಾದಷ್ಟು ನೀರು ನುಗ್ಗಿದ್ದರೆ ಕನೆಕ್ಟಿಂಗ್ ರಾಡು ಬಾಗಿ ಎಂಜಿನ್ನೇ ಹೋಗುತ್ತಿತ್ತು. ಟಾರ್ಚಿನ ಬೆಳಕಿನಲ್ಲಿ ಬಾನೆಟ್ ಎತ್ತಿ ಬಿರಡೆ ಎಳೆದೆ. ಎರಡು ಲೋಟದಷ್ಟು ನೀರು ನನ್ನ ಕೈಮೇಲೆ ಸುರಿಯಿತು. ಡಬ್ಬಿಯನ್ನೇ ಕಿತ್ತು ರಸ್ತೆಯ ಬದಿಗಿಟ್ಟೆ. ಹಿಂದಿನ ಸೀಟಿನಲ್ಲಿ ಆ ತಾಯಿ ಹಲ್ಲುಕಚ್ಚಿ ನರಳುತ್ತಿದ್ದಳು. ಅತ್ತೆ "ಇನ್ನೇನು ಬಂತು ಕಣವ್ವ, ಇನ್ನೇನು ಬಂತು" ಎನ್ನುತ್ತಿದ್ದರು. ಎಂಟನೆಯದೋ ಒಂಬತ್ತನೆಯದೋ ಸಲಕ್ಕೆ ಗಾಡಿ ಹಿಡಿಯಿತು. ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು, ಇಬ್ಬರೂ ಕ್ಷೇಮ.

ಮರುದಿನ ನಾನು ಗ್ಯಾರೇಜಿಗೆ ಹೋಗಿ ಹತ್ತು ಜನರ ಎದುರು ಆ ಹುಡುಗನನ್ನು ಬೈದೆ. ಎರಡು ಜೀವಗಳೊಡನೆ ಆಟವಾಡಿದೆಯಲ್ಲೋ ಎಂದೆ. ಆಗ ಬಿರಡೆಯ ಮಾತು ನನಗೆ ಮರೆತಿತ್ತು ಎಂದು ಹೇಳಲಾರೆ. ಅದನ್ನು ಎಳೆದದ್ದು ನನ್ನದೇ ಬೆರಳುಗಳು. ಭಯ ಇಳಿದ ಮೇಲೆ ಸಿಟ್ಟಿಗೊಂದು ಆಳು ಬೇಕಿತ್ತು. ಅವನು ತಲೆ ತಗ್ಗಿಸಿ ನಿಂತ. "ಫಾದರ್, ನಾನು ಹೇಳಿದ್ದೆನಲ್ಲ" ಎಂಬ ಒಂದು ಮಾತನ್ನೂ ಆಡಲಿಲ್ಲ. ವಾರದೊಳಗೆ ಮೇಸ್ತ್ರಿ ಅವನನ್ನು ಬೆಂಗಳೂರಿನ ಪೀಣ್ಯದ ಕಡೆ ಕಳುಹಿಸಿಬಿಟ್ಟರು.

ಅದೇ ವಾರ ಮೇಸ್ತ್ರಿ ಹಳೆಯ ಕೊಳವೆಗಳನ್ನು ಮರಳಿ ಜೋಡಿಸುತ್ತಾ ನನ್ನನ್ನು ಕರೆದರು. ಕಾರ್ಬುರೇಟರ್ ಕಾಲದ ಕಾರುಗಳಲ್ಲಿ ಏರ್ ಕ್ಲೀನರಿಗೆ ಬೇಸಿಗೆ, ಚಳಿಗಾಲ ಎಂದು ಎರಡು ಗುರುತುಗಳಿರುತ್ತಿದ್ದವು. ಪೆಟ್ರೋಲ್ ಆವಿಯಾಗುವಾಗ ಕಾರ್ಬುರೇಟರಿನ ಗಂಟಲು ತಣ್ಣಗಾಗುತ್ತದೆ. ಥಂಡಿಯ ಊರುಗಳಲ್ಲಿ ಗಾಳಿಯ ತೇವ ಅಲ್ಲಿ ಮಂಜುಗಟ್ಟುವುದೂ ಉಂಟು. ಅದಕ್ಕಾಗಿ ಚಳಿಗಾಲದ ಗುರುತಿಗೆ ತಿರುಗಿಸಿದರೆ ಹೊಗೆಕೊಳವೆಯ ಸುತ್ತಲಿನ ಬಿಸಿಗಾಳಿಯೇ ಒಳಗೆ ಹೋಗುತ್ತದೆ. ಮಲೆನಾಡಿನಿಂದ ಬಂದ ನಮ್ಮ ಕಾರಿನ ಬಾಣದ ಗುರುತು ಚಳಿಗಾಲದ ಕಡೆಗೇ ಮುಖಮಾಡಿ, ದೂಳು ಎಣ್ಣೆಗಳ ಕೆಳಗೆ ಹೂತುಹೋಗಿತ್ತು. ಹುಡುಗ ನೋಡಿರಲಿಲ್ಲ, ಮೇಸ್ತ್ರಿ ನೋಡಿರಲಿಲ್ಲ, ನಾನಂತೂ ನೋಡುವವನೇ ಅಲ್ಲ. ಮೇಸ್ತ್ರಿ ಮುಚ್ಚಳವನ್ನು ತಿರುಗಿಸಿದರು. ಕಾಸು ಖರ್ಚಿಲ್ಲದೆ ಉಬ್ಬಸ ಮುಕ್ಕಾಲು ಪಾಲು ವಾಸಿಯಾಯಿತು.

ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನೋಡಲು ಜನಸಾಗರವೇ ಸೇರಿತ್ತು, ನಾನೂ ಹೋಗಿದ್ದೆ. ಆ ಗುಂಪಿನಲ್ಲಿ ಯಾರೋ "ಫಾದರ್" ಎಂದು ಕೈಹಿಡಿದರು. ತಲೆಯಲ್ಲಿ ಅಲ್ಲಲ್ಲಿ ನರೆ, ಪಕ್ಕದಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಪೀಣ್ಯದಲ್ಲಿ ಸ್ವಂತ ವರ್ಕ್‌ಶಾಪ್ ಇದೆಯಂತೆ. ತನ್ನ ಡೀಸೆಲ್ ಕಾರಿನ ಬಳಿಗೆ ಕರೆದೊಯ್ದು ಬಾನೆಟ್ ಎತ್ತಿ ಇಂಟರ್‌ಕೂಲರ್ ತೋರಿಸಿದ. ಟರ್ಬೊ ಒತ್ತಿ ಕಾಯಿಸಿದ ಗಾಳಿಯನ್ನು ಎದುರುಗಾಳಿಯಿಂದಲೇ ತಣಿಸಿ ಎಂಜಿನ್ನಿಗೆ ಕಳುಹಿಸುವ ಸಾಧನ. "ಐಸು ಬೇಡ ಫಾದರ್ ಇದಕ್ಕೆ" ಎಂದು ನಕ್ಕ.

ಹತ್ತೊಂಬತ್ತು ವರ್ಷಗಳಿಂದ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಅಲ್ಲೇ, ಬಾನೆಟ್ಟಿನ ಮುಂದೆ ನಿಂತು ಹೇಳಿದೆ. ಬಿರಡೆ ಮರೆತದ್ದು ನಾನು, ನೀನಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಎಂಜಿನ್ನನ್ನೇ ನೋಡುತ್ತಿದ್ದ.

"ಗೊತ್ತಿತ್ತು ಫಾದರ್. ಆದರೂ ಬಿರಡೆ ಹಾಕಿದ್ದು ತಪ್ಪೇ. ಒಂದು ಗೇಣು ಟ್ಯೂಬು ಸಿಗಿಸಿ, ತುದೀನ ನೀರಿನ ಬಾಟ್ಲಿಯೊಳಗೆ ಮುಳುಗಿಸಿಟ್ಟಿದ್ದರೆ ನೀರು ತಾನೇ ಇಳಿಯೋದು, ದೂಳೂ ಒಳಗೆ ಬರ್ತಿರಲಿಲ್ಲ. ಬೆಂಗಳೂರಿಗೆ ಹೋಗೋ ಬಸ್ಸಿನಲ್ಲಿ ಹೊಳೀತು."

ಮಕ್ಕಳು ನೀರು ನೋಡಲು ಅವಸರ ಮಾಡುತ್ತಿದ್ದರು. ಅವನು ಬಾನೆಟ್ ಇಳಿಸಿದ.