ಮಡಕೆಗೆ ಗೊತ್ತಿತ್ತು

ಬನವಾಸಿಯಲ್ಲಿ ಬಸ್ಸಿನಿಂದ ಇಳಿದ ಕೂಡಲೇ ನನ್ನ ಗ್ಯಾರೇಜಿನ ವಾಸನೆ ಬಂತು.

ಗ್ಯಾರೇಜು ಇರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ವಾಸನೆ ಬಂದದ್ದು ರಸ್ತೆ ಬದಿಯಲ್ಲಿ ರಾಶಿ ಹಾಕಿದ್ದ ಅನಾನಸಿನಿಂದ. ಅಡಿಯ ಹಣ್ಣುಗಳು ಒಡೆದು ರಸ ಸೋರಿ, ಬಿಸಿಲಿಗೆ ಸಣ್ಣಗೆ ನೊರೆ ಕಟ್ಟಿತ್ತು. ಸುತ್ತ ಜೇನುನೊಣ. ನನ್ನ ಡ್ರಮ್ಮಿನಲ್ಲಿ ಪೇಲ್ ಏಲ್ ಹುದುಗುವಾಗ ಎರಡನೇ ದಿನ ಏಳುವ ವಾಸನೆ ಥೇಟ್ ಇದೇ. ಚೀಲ ಕೆಳಗಿಟ್ಟು ನಿಂತುಬಿಟ್ಟೆ. ಅನಾನಸಿನವನು, "ಎಷ್ಟು ಕೊಡ್ಲಿ ಅಕ್ಕಾ?" ಎಂದ. ಕೊಳೆತ ಹಣ್ಣಿನ ವಾಸನೆ ನೋಡಲು ನಿಂತಿದ್ದೇನೆ ಎಂದು ಹೇಳುವುದು ಹೇಗೆ? ಎರಡು ಹಣ್ಣು ಕೊಂಡೆ.

ಡರ್ಬಿಯಲ್ಲಿ ನಾನು ನರ್ಸ್. ಹನ್ನೆರಡೂವರೆ ಗಂಟೆಯ ಪಾಳಿ. ಎರಡು ಪಾಳಿಗಳ ನಡುವೆ ಸಿಗುವ ಅರ್ಧ ದಿನದಲ್ಲಿ ಬಟ್ಟೆ ಒಗೆಯಬೇಕು, ಅಮ್ಮನಿಗೆ ಫೋನು ಮಾಡಬೇಕು, ನಿದ್ದೆ ಮಾಡಬೇಕು. ಅದರಲ್ಲೇ ಮೂರು ಗಂಟೆ ಕದ್ದು ಬಿಯರ್ ಮಾಡುತ್ತೇನೆ. ಅಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಬೇಕಾಗಿದ್ದ ಪರವಾನಗಿಯನ್ನು 1963ರಲ್ಲೇ ತೆಗೆದುಹಾಕಿದ್ದಾರೆ. ಪಕ್ಕದ ಊರು ಬರ್ಟನ್. ಅಲ್ಲಿನ ಬಾವಿ ನೀರಿನಲ್ಲಿ ಜಿಪ್ಸಮ್ ಹೆಚ್ಚು. ಆ ನೀರಿನಿಂದಲೇ ಅಲ್ಲಿಯ ಪೇಲ್ ಏಲ್‌ಗೆ ಹೆಸರು ಬಂದದ್ದು. ಪೀಪಾಯಿಗಳಲ್ಲಿ ತುಂಬಿ, ತಿಂಗಳುಗಟ್ಟಲೆ ಹಡಗಿನಲ್ಲಿಟ್ಟು, ನಮ್ಮ ದೇಶದಲ್ಲಿ ಬೆವರುತ್ತಿದ್ದ ದೊರೆಗಳಿಗೆ ಕಳಿಸುತ್ತಿದ್ದದ್ದೂ ಅದನ್ನೇ. ನಾನು ಎದುರು ದಿಕ್ಕಿನಲ್ಲಿ ಹೋದ ಸರಕು.

ನನ್ನ ವಿಧಾನ ಕಂಡರೆ ಅಲ್ಲಿಯ ಹಳಬರು ಮೂಗು ಮುರಿಯುತ್ತಾರೆ. ಇಪ್ಪತ್ತು ಲೀಟರಿಗೆ ನಾಲ್ಕು ಕಿಲೋ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದರ ನುಚ್ಚನ್ನು 66 ಡಿಗ್ರಿ ಬಿಸಿನೀರಿನಲ್ಲಿ ನೆನೆಹಾಕಬೇಕು. ಮೊಳಕೆಯೊಳಗಿನ ಕಿಣ್ವಗಳು ಹಿಟ್ಟಿನ ಅಂಶವನ್ನು ಸಕ್ಕರೆ ಮಾಡುತ್ತವೆ. ಪುಸ್ತಕ ಒಂದು ಗಂಟೆ ಎನ್ನುತ್ತದೆ, ನಾನು ಅರ್ಧ ಗಂಟೆಗೆ ಇಳಿಸುತ್ತೇನೆ, ಕೆಲಸ ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿದಿರುತ್ತದೆ. ಸೋಸಿದ ಸಿಹಿನೀರನ್ನು ಒಂದು ಗಂಟೆ ಕುದಿಸುವ ಬದಲು ಅರ್ಧ ಗಂಟೆ. ಕಹಿಗೆ ಒಂದು ಹಿಡಿ ಹಾಪ್ಸ್ ಮೊದಲು, ಪರಿಮಳಕ್ಕೆ ಇನ್ನೆರಡು ಹಿಡಿ ಕೊನೆಗೆ. ತಣಿಸುವ ಗೋಜಿಗೇ ಹೋಗುವುದಿಲ್ಲ. ಮುಚ್ಚಿಟ್ಟು ಮಲಗಿದರೆ ಬೆಳಗ್ಗೆ ಅದರಷ್ಟಕ್ಕೆ ಆರಿರುತ್ತದೆ.

ಬೆಳಗ್ಗೆ ಯೀಸ್ಟ್ ಹಾಕಿ ಪಾಳಿಗೆ ಓಡುವುದು. ಆ ಯೀಸ್ಟಿನ ಹೆಸರು ಕ್ವೈಕ್. ನಾರ್ವೆಯ ಪಶ್ಚಿಮದ ಹಳ್ಳಿಗಳ ರೈತರು ತಲೆಮಾರುಗಳಿಂದ ಕಾಪಿಟ್ಟುಕೊಂಡು ಬಂದದ್ದು. ಬೇರೆ ಏಲ್ ಯೀಸ್ಟುಗಳು ಇಪ್ಪತ್ತು ಡಿಗ್ರಿಯ ತಂಪಿನಲ್ಲಿ ವಾರಗಟ್ಟಲೆ ಕೂತರೆ, ಇದು ಮೂವತ್ತೈದು ಡಿಗ್ರಿಯ ಸೆಖೆಯಲ್ಲಿ ಎರಡು ಮೂರು ದಿನಕ್ಕೆ ಮುಗಿಸಿ ಎದ್ದು ಹೋಗುತ್ತದೆ. ನಾರ್ವೆಯವರು ಮರದ ಒಂದು ಬಳೆಯನ್ನು ಹುದುಗಿನಲ್ಲಿ ಅದ್ದಿ ತೆಗೆದು ತೂಗುಹಾಕಿ ಒಣಗಿಸುತ್ತಿದ್ದರಂತೆ. ಮುಂದಿನ ಸಲ ಅದೇ ಬಳೆಯನ್ನು ಹೊಸ ಸಿಹಿನೀರಿಗೆ ಇಳಿಬಿಟ್ಟರೆ ಆಯಿತು. ಇದನ್ನು ಮೊದಲು ಓದಿದಾಗ, ಎಂಥ ಜಾಣ ಜನ, ನಮ್ಮಲ್ಲಿ ಇಂಥದ್ದೇಕೆ ಇರಲಿಲ್ಲ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೆ. ಆ ಹೊಟ್ಟೆಕಿಚ್ಚು ನೆನೆದರೆ ಈಗ ನಾಚಿಕೆ.

ಊರಿಗೆ ಬಂದದ್ದು ಹೋಳಿಯ ಹೊತ್ತಿಗೆ. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷದ ಹೋಳಿಗೆ ಬೇಡರ ವೇಷ. ಹಿಂದಿನ ರಾತ್ರಿ ಪೇಟೆಯಲ್ಲಿ ನಿಂತು ನೋಡಿದ್ದೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಎಳೆದು ಹಿಡಿದಿದ್ದರೂ ಜನರ ಮೇಲೆ ನುಗ್ಗುವ ಬೇಡ. ತಮಟೆಯ ಸದ್ದು ಬೆಳಗಿನವರೆಗೂ ಕಿವಿಯಲ್ಲಿತ್ತು. "ಗುಡ್ನಾಪುರಕ್ಕೆ ದೊಡ್ಡಜ್ಜನ ಮನೆಗೆ ಹೋಗುವುದಾದರೆ ಮೊದಲು ಮಧುಕೇಶ್ವರನಿಗೆ ಕೈಮುಗಿದು ಹೋಗು" ಎಂದು ಅಮ್ಮನ ಕಟ್ಟಪ್ಪಣೆ. ಹಾಗಾಗಿ ಬನವಾಸಿ. ಗರ್ಭಗುಡಿಯ ಲಿಂಗ ಜೇನಿನ ಬಣ್ಣದ್ದು, ಅದಕ್ಕೇ ಮಧುಕೇಶ್ವರ ಎನ್ನುವುದು ಊರಿನ ಮಾತು. ಮಧು ಎಂದರೆ ಜೇನೂ ಹೌದು, ವಸಂತವೂ ಹೌದು, ಮದ್ಯವೂ ಹೌದು. ದೇವರೆದುರು ನಿಂತು ಮೂರನೆಯ ಅರ್ಥವನ್ನೇ ನೆನೆದದ್ದಕ್ಕೆ ತಪ್ಪುಕಾಣಿಕೆ ಹಾಕಿದೆ.

ದೊಡ್ಡಜ್ಜನ ಮೊಮ್ಮಗ ಸ್ಕೂಟರ್ ತಂದಿದ್ದ. ಗುಡ್ನಾಪುರ ಅಲ್ಲಿಂದ ಐದಾರು ಕಿಲೋಮೀಟರು. ಗದ್ದೆ, ಅಡಿಕೆ ತೋಟ, ಮತ್ತೆ ಗದ್ದೆ. ತಿರುವು ದಾಟಿದರೆ ಕೆರೆ. ಕೆರೆ ಎಂದರೆ ನಂಬಲಾಗಲಿಲ್ಲ. ಮಾರ್ಚಿನಲ್ಲೂ ಅಷ್ಟು ನೀರು! ಆಚೆ ದಡ ಬಿಸಿಲಿನ ಹಬೆಯಲ್ಲಿ ಅಲುಗುತ್ತಿತ್ತು. ದಡದಲ್ಲಿ ಬಂಗಾರೇಶ್ವರನ ಗುಡಿ. ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಹಾಕಿಕೊಂಡು ಕೂತಿತ್ತು, ಪಾಳಿ ಮುಗಿಸಿ ಬಂದವರ ಹಾಗೆ.

"ಅಕ್ಕ, ಕಂಬ ನೋಡ್ತ್ಯಾ?" ಎಂದ ತಮ್ಮ.

ಕದಂಬರ ರವಿವರ್ಮನ ಶಾಸನದ ಕಂಬ. ಸುಮಾರು ಸಾವಿರದೈನೂರು ವರ್ಷ ಹಳೆಯದು. 1970ರ ದಶಕದ ಆರಂಭದಲ್ಲಿ ಡಾ. ಬಿ. ಆರ್. ಗೋಪಾಲ್ ಅವರು ಇದನ್ನು ಬೆಳಕಿಗೆ ತಂದರು. ಮಯೂರಶರ್ಮನ ಅಜ್ಜ ವೀರಶರ್ಮ, ಅಪ್ಪ ಬಂಧುಷೇಣ ಎಂದು ವಂಶಾವಳಿ ಗಟ್ಟಿಯಾಗಿ ಸಿಕ್ಕಿದ್ದು ಇದರಿಂದ. ಇಲ್ಲೊಂದು ಅರಮನೆ ಇತ್ತು, ನೃತ್ಯಶಾಲೆಗಳಿದ್ದವು, ಕೆರೆ ಇತ್ತು ಎನ್ನುತ್ತದೆ ಶಾಸನ. ಆ ಅರಮನೆಯ ಬಳಿ ರವಿವರ್ಮ ಕಟ್ಟಿಸಿದ್ದು ಕಾಮನಿಗೆ ಒಂದು ಗುಡಿಯನ್ನು. ಶಾಸನದ ಮಾತು ಕಾಮಜಿನಾಲಯ. ಅದು ಮನ್ಮಥನ ಗುಡಿಯೋ ಜಿನಮಂದಿರವೋ ಎಂದು ವಿದ್ವಾಂಸರಲ್ಲಿ ಚರ್ಚೆ ಇದೆ. ವಸಂತೋತ್ಸವಕ್ಕೆ ರಾಜ ವ್ಯವಸ್ಥೆ ಮಾಡಿದ್ದನ್ನೂ ಶಾಸನ ಹೇಳುತ್ತದೆ. ಅಂದರೆ ಹೆಚ್ಚುಕಡಿಮೆ ಇದೇ ಋತು, ಇದೇ ಕಾಮ. ಹಿಂದಿನ ರಾತ್ರಿಯ ತಮಟೆ ಮತ್ತೆ ಕೇಳಿಸಿದಂತಾಯಿತು. ಕಂಬದ ಮೇಲಿನ ಒಂದಕ್ಷರವೂ ನನಗೆ ಓದಲಾಗಲಿಲ್ಲ. ಅಂಗೈ ಇಟ್ಟು ನೋಡಿದೆ, ಕಲ್ಲು ಕಾದಿತ್ತು.

ವಸಂತೋತ್ಸವದಲ್ಲಿ ಅವರು ಏನು ಕುಡಿದರು ಎಂಬುದು ನನ್ನಂಥವಳ ತಲೆಗೆ ಬರುವ ಮೊದಲ ಪ್ರಶ್ನೆ. ಶಾಸನಕ್ಕಿಂತ ಪದಗಳು ಹೆಚ್ಚು ಬಾಯಿಬಿಡುತ್ತವೆ. ಕದಂಬ ಮರದಿಂದ ಬಂದ ಮದ್ಯಕ್ಕೆ ಸಂಸ್ಕೃತದಲ್ಲಿ ಕಾದಂಬರಿ ಎಂದು ಹೆಸರು. ನಾವು ಬಾಣಭಟ್ಟನ ಕಥೆಯ ಹೆಸರನ್ನು ಎತ್ತಿಕೊಂಡು ಅದನ್ನು ಪುಸ್ತಕಕ್ಕೆ ಇಟ್ಟೆವು. ಕಾದಂಬರಿ ಹಿಡಿದು ರಾತ್ರಿಯಿಡೀ ಕೂರುವ ಅಮ್ಮನಿಗೆ ಇದನ್ನು ಹೇಳಿದರೆ ಬೈಗುಳ ಖಂಡಿತ. ವಿಷ್ಣುಪುರಾಣದಲ್ಲಿ ಬಲರಾಮ ಕಾಡಿನಲ್ಲಿ ಅಲೆಯುವಾಗ ಎಲ್ಲಿಂದಲೋ ಪರಿಮಳ ಬರುತ್ತದೆ. ಹುಡುಕಿಕೊಂಡು ಹೋದರೆ ಕದಂಬದ ಪೊಟರೆಯಿಂದ ಮದ್ಯ ತಾನಾಗಿ ಜಿನುಗುತ್ತಿದೆ. ಯಾರೂ ಕಾಸಲಿಲ್ಲ, ಯಾರೂ ಯೀಸ್ಟ್ ಹಾಕಲಿಲ್ಲ. ಮನೆಯಂಗಳದ ಕದಂಬ ಮರದಿಂದಲೇ ತಮ್ಮ ಕುಲಕ್ಕೆ ಆ ಹೆಸರು ಬಂತು ಎಂದು ಹೇಳಿಕೊಂಡ ಅರಸರ ಕಂಬಕ್ಕೆ ಒರಗಿ ನಿಂತು ಈ ಕತೆ ನೆನೆಯುವಾಗ, ಪುರಾಣದವರು ಇದನ್ನು ಎಲ್ಲೋ ಕಣ್ಣಾರೆ ಕಂಡೇ ಬರೆದಿರಬೇಕು ಅನ್ನಿಸಿತು. ಅದಾಗಿ ಒಂದು ಗಂಟೆಯೊಳಗೆ ಅಂಥದೇ ಒಂದು ಮರದ ಕೆಳಗೆ ಕೂರುತ್ತೇನೆಂದು ಗೊತ್ತಿರಲಿಲ್ಲ.

ನಾವು ದೀವರು. ಹಳೆಪೈಕ ಎಂದೂ ಕರೆಯುತ್ತಿದ್ದರು. ಹೆಂಡ ಇಳಿಸುವುದು ಕುಲಕಸುಬು ಎಂದು ಶಾಲೆಯಲ್ಲಿ ಒಬ್ಬಳು ಹೇಳಿ ಕಿಸಕ್ಕೆಂದಾಗಲೇ ನನಗೆ ಮೊದಲು ತಿಳಿದದ್ದು. ಮನೆಗೆ ಬಂದು ಕೇಳಿದರೆ ಅಪ್ಪ, "ನಾವು ಗದ್ದೆ ಮಾಡುವವರು" ಎಂದು ಎದ್ದು ಹೋದರು. ಮುಂದೆ ನಾನೂ ಕೇಳಲಿಲ್ಲ. ಡರ್ಬಿಯ ಗ್ಯಾರೇಜಿನ ವಿಷಯ ಅಪ್ಪನಿಗೆ ಇಂದಿಗೂ ಗೊತ್ತಿಲ್ಲ.

ದೊಡ್ಡಜ್ಜನಿಗೆ ತೊಂಬತ್ತು ಹತ್ತಿರ. ಅಂಗಳದಲ್ಲಿ ಅಡಿಕೆ ದಬ್ಬೆ ಸೀಳುತ್ತ ಕೂತಿದ್ದರು. ಅನಾನಸು ಕೊಟ್ಟೆ. ಮೂಸಿ, "ಇದು ಹೆಂಡ ಆಗ್ತಾ ಉಂಟಲ್ಲೆ ಮಗಾ" ಎಂದರು.

ಮೂಗಿಗೆ ಮೂಗು ಗುರುತು ಸಿಕ್ಕಿತು. ಎಲ್ಲ ಹೇಳಿಬಿಟ್ಟೆ. ಬಾರ್ಲಿ, ಹಾಪ್ಸ್, ಡ್ರಮ್ಮು, ಮೂರು ಗಂಟೆ. ಸಣ್ಣ ಮಗುವಿನ ಆಟ ನೋಡುವಂತೆ ಕೇಳಿದರು.

"ಮಾಡಿದ ಮೇಲೆ ಕುಡಿಯುಕೆ ಎಷ್ಟು ದಿನ?"

"ಹುದುಗಲು ಮೂರು ದಿನ. ಬಾಟಲಿಗೆ ಸಕ್ಕರೆ ಹಾಕಿ ನೊರೆ ಕಟ್ಟಲು ಇನ್ನೊಂದು ವಾರ. ಅಲ್ಲಿ ಇಷ್ಟು ಬೇಗ ಮಾಡುವವರು ಕಡಿಮೆ, ದೊಡ್ಡಜ್ಜ."

"ಹತ್ತು ದಿನವಾ?" ಅವರಿಗೆ ನಗು ತಡೆಯಲಾಗಲಿಲ್ಲ. "ನಮ್ಮದು ಮರದಿಂದ ಇಳಿಯುದರೊಳಗೆ ಆಗ್ತಿತ್ತು."

ಕೋಲೂರಿಕೊಂಡು ಹಿತ್ತಿಲಿಗೆ ಕರೆದೊಯ್ದರು. ಅಲ್ಲಿತ್ತು ಬಗನಿ ಮರ. ಮೀನಿನ ಬಾಲದಂಥ ಎಲೆ, ಕುದುರೆ ಬಾಲದ ಹಾಗೆ ಜೋತುಬಿದ್ದ ಹೂಗೊನೆ. ಚಿಕ್ಕವಳಿದ್ದಾಗ ಇದರಡಿ ಆಡಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ.

ಕೋಲಿನಲ್ಲೇ ತೋರಿಸುತ್ತ ಹೇಳಿದರು. ಗೆಣ್ಣಿನಲ್ಲಿ ಮೊಟಕು ಕವಲು ಬಿಟ್ಟ ಬಿದಿರನ್ನು ಮರಕ್ಕೆ ಕಟ್ಟಿ ಹತ್ತುವುದು. ಅರಳದ ಹೊಂಬಾಳೆಯನ್ನು ದಿನಾ ಮೆಲ್ಲಗೆ ಬಡಿಯುವುದು, ನೋವಾಗಬಾರದು, ಎಚ್ಚರಾಗಬೇಕು. ತುದಿ ಕೊಯ್ದು ಮಡಕೆ ಕಟ್ಟುವುದು. ದಿನಕ್ಕೆರಡು ಸಲ ಹತ್ತಿ, ಮತ್ತೆ ತೆಳ್ಳಗೆ ಒಂದು ಬಿಲ್ಲೆ ಕೊಯ್ಯುವುದು. ಬೆಲ್ಲಕ್ಕಾದರೆ ಮಡಕೆಯ ಒಳಗೆ ಸುಣ್ಣ, ಆಗ ರಸ ಸಿಹಿಯಾಗೇ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಹನಿ ಬಿದ್ದಲ್ಲಿಂದಲೇ ಹುದುಗು. ಸಂಜೆ ಕಟ್ಟಿದ್ದು ಮುಂಜಾನೆ ಇಳಿಸುವಾಗಲೇ ಬುಸುಗುಡುತ್ತಿತ್ತಂತೆ.

"ಬೆಳಗಿನದ್ದು ನೆಂಟರಿಗೆ. ಮಧ್ಯಾಹ್ನದ್ದು ಜಗಳಕ್ಕೆ. ಮರುದಿನದ್ದು ಉಪ್ಪಿನಕಾಯಿಗೆ," ಎಂದರು. ಮರುದಿನಕ್ಕೆ ಅದು ವಿನೆಗರ್ ಆಗಿರುತ್ತದೆ, ಲೆಕ್ಕ ಸರಿಯಾಗೇ ಇದೆ.

ಅವಸರ ಅವಸರವೆಂದು ನಾನು ನಿಮಿಷ ಕತ್ತರಿಸುತ್ತ ಕೂತಿದ್ದು ಎಲ್ಲಿ, ಇದು ಎಲ್ಲಿ? ನನ್ನ ಅರ್ಧ ಗಂಟೆ ಹೋಗುವುದು ಹಿಟ್ಟನ್ನು ಸಕ್ಕರೆ ಮಾಡಲು. ಬಗನಿ ಆ ಕೆಲಸವನ್ನು ತಾನೇ ಮುಗಿಸಿ ಕೊಡುತ್ತದೆ. ಹತ್ತು ಹದಿನೈದು ವರ್ಷ ಹೂ ಬಿಡದೆ ಕಾಂಡದೊಳಗೆ ಹಿಟ್ಟು ತುಂಬಿಕೊಳ್ಳುತ್ತದೆ. ಬರಗಾಲದಲ್ಲಿ ಜನ ಕಾಂಡ ಸೀಳಿ ಆ ಹಿಟ್ಟನ್ನು ತಿಂದದ್ದುಂಟು. ಹೂ ಬಿಡುವ ಕಾಲಕ್ಕೆ ಆ ಹಿಟ್ಟೆಲ್ಲ ಕರಗಿ ಸಕ್ಕರೆಯಾಗಿ ಮೇಲೇರುತ್ತದೆ. ಮೊದಲ ಗೊನೆ ನೆತ್ತಿಯಲ್ಲಿ, ಆಮೇಲೆ ಒಂದೊಂದೇ ಕೆಳಗೆ. ತೀರಾ ಕೆಳಗಿನ ಗೊನೆ ಹಣ್ಣಾದರೆ ಮರ ಸಾಯುತ್ತದೆ. ಹದಿನೈದು ವರ್ಷ ನೆನೆಹಾಕಿ ಒಂದು ರಾತ್ರಿಯಲ್ಲಿ ಹುದುಗಿಸುವುದು. ಹಿತ್ತಿಲಿನ ಮರದ ಗೊನೆ ನನ್ನ ತಲೆಗಿಂತ ಎರಡಾಳು ಮೇಲಿತ್ತು, ಅಷ್ಟೆ. ಅದನ್ನು ಕೊಯ್ಯುವವರು ಯಾರೂ ಇಲ್ಲ. ಕಳ್ಳು ಇಳಿಸುವುದಾಗಲಿ ಮನೆಯಲ್ಲಿ ಮದ್ಯ ಮಾಡುವುದಾಗಲಿ ಪರವಾನಗಿ ಇಲ್ಲದೆ ಈಗ ಅಪರಾಧ. ದೊಡ್ಡಜ್ಜ ಬಿದಿರೇರುವುದು ಬಿಟ್ಟು ಎಷ್ಟೋ ವರ್ಷವಾಯಿತು.

"ಹುದುಗಿಗೆ ಎಂತ ಹಾಕ್ತಿದ್ರಿ ದೊಡ್ಡಜ್ಜ?"

"ಎಂತೂ ಇಲ್ಲ. ಮಡಕೆಗೆ ಗೊತ್ತಿತ್ತು."

ಗಾಳಿಯಿಂದ, ಹೂವಿನಿಂದ, ನೊಣದ ಕಾಲಿನಿಂದ ಯೀಸ್ಟ್ ಬರುವುದು ನನಗೂ ಗೊತ್ತು. ಅವರು ಹೇಳಿದ್ದು ಅದಷ್ಟೇ ಅಲ್ಲ. ಒಳ್ಳೆಯ ಹೆಂಡ ಕೊಟ್ಟ ಮಡಕೆಯನ್ನು ಉಜ್ಜಿ ತೊಳೆಯುತ್ತಿರಲಿಲ್ಲವಂತೆ. ನೀರಾಡಿಸಿ ಬೋರಲು ಹಾಕುವುದು, ಅಷ್ಟೇ. ಹೊಸ ಮಡಕೆ ತಂದರೆ ಹಳೆಯದರ ತಳದ ಗಸಿ ಬಳಿಯುವುದು. ಅಣ್ಣ ತಮ್ಮ ಹಿಸೆಯಾದಾಗ ನಮ್ಮಜ್ಜ ಕೊಡಲಿಗಿಂತ ಮೊದಲು ಒಂದು ಮಡಕೆ ಕೇಳಿದ್ದನಂತೆ.

ನಾರ್ವೆಯ ಮರದ ಬಳೆ ಕಣ್ಣ ಮುಂದೆ ಬಂತು. ಅಂಚೆಯಲ್ಲಿ ಪೌಂಡು ತೆತ್ತು ತರಿಸಿಕೊಂಡ ಆ ಕ್ವೈಕಿನ ಒಣ ಚಕ್ಕೆಗಳು.

"ಆ ಮಡಕೆ ಒಂದಾದರೂ ಉಂಟಾ?"

ಸಣ್ಣವು ಯಾವುದೂ ಉಳಿದಿರಲಿಲ್ಲ. ಮರದಿಂದ ಇಳಿಸಿದ್ದನ್ನೆಲ್ಲ ಸುರಿದಿಡುತ್ತಿದ್ದ ದೊಡ್ಡ ಗಡಿಗೆಯೊಂದು ಕೊಟ್ಟಿಗೆಯ ಮೂಲೆಯಲ್ಲಿದೆ ಎಂದರು, ಬಾಯಿ ಒಡೆದದ್ದು. ಹೋದೆ. ಕತ್ತಲು. ಮೊಣಕಾಲೂರಿ ಕೈ ಇಳಿಸಿದೆ. ಒಳಗಿನ ಗೋಡೆ ಒರಟಾಗಿತ್ತು, ಅರ್ಧ ಎತ್ತರದಲ್ಲಿ ಸುತ್ತಲೂ ಒಂದು ಪಟ್ಟಿ, ಉಗುರಿಗೆ ಸಿಕ್ಕುವಷ್ಟು ದಪ್ಪ. ಉಗುರು ಹಾಕಿ ಎಬ್ಬುತ್ತಿದ್ದೆ.

"ಮಗಾ, ಅದ್ರೊಳಗೆ ಕೋಳಿ ಕಾವಿಗೆ ಕೂತಿದೆ," ಎಂದು ದೊಡ್ಡಜ್ಜ ಅಂಗಳದಿಂದ ಕೂಗುವಷ್ಟರಲ್ಲಿ ಅದು ಕುಕ್ಕಿತು.