ಮತ್ತು ಡಾಕ್ಟರಮ್ಮ

ಹೈದರಾಬಾದಿನಲ್ಲಿ ನನ್ನ ಕಸುಬಿಗೆ ಜನರೇ ಇಟ್ಟ ಹೆಸರೊಂದಿದೆ. ಮತ್ತು ಡಾಕ್ಟರಮ್ಮ. ತೆಲುಗಿನಲ್ಲಿ ಮತ್ತು ಅಂದರೆ ಅಮಲು, ಮೈಮೇಲೆ ಅರಿವಿಲ್ಲದ ಸ್ಥಿತಿ. ಕನ್ನಡದಲ್ಲೂ ಆ ಅರ್ಥ ಉಂಟು. ಆದರೆ ನಮಗೆ ಮೊದಲು ನೆನಪಾಗುವುದು ಎರಡು ಹೆಸರುಗಳ ನಡುವೆ ಕೂರುವ 'ಮತ್ತು'. ಹನ್ನೊಂದು ವರ್ಷದ ಕೆಳಗೆ ನರ್ಸಿಂಗ್ ಹೋಮ್ ಒಂದರ ಆಯಾ ನನ್ನತ್ತ ಕೈ ತೋರಿಸಿ ಹಾಗಂದಾಗ ನನಗೆ ನಗು ತಡೆಯಲಾಗಲಿಲ್ಲ. ಆಕೆಗೆ ಗೊತ್ತಿಲ್ಲದೆ ಎರಡು ಭಾಷೆಯಲ್ಲೂ ಸರಿಯಾದ ಮಾತನ್ನೇ ಆಡಿದ್ದಳು. ರೋಗಿಯ ಕಡೆಯವರು ಸರ್ಜನ್ನರ ಹೆಸರು ಕೇಳಿಕೊಂಡು ಬರುತ್ತಾರೆ. ನಾನು ಆ ಹೆಸರಿನ ಪಕ್ಕದ 'ಮತ್ತು'. ರೋಗಿಗೆ ನನ್ನ ಮುಖ ನೆನಪಿರುವುದಿಲ್ಲ. ಆಪರೇಷನ್ನಿನ ಹೊತ್ತಿನದೆಲ್ಲ ನೆನಪಿದೆ ಅಂದರೆ ನಾನೇ ಗಾಬರಿಯಾಗಬೇಕು!

ಅರಿವಳಿಕೆ ತಜ್ಞರಲ್ಲಿ ಎರಡು ಬಗೆ. ದೊಡ್ಡ ಆಸ್ಪತ್ರೆಗಳಲ್ಲಿ ಸಂಬಳಕ್ಕಿರುವವರು ಒಂದು ಬಗೆ. ಇಪ್ಪತ್ತು ಮೂವತ್ತು ಹಾಸಿಗೆಯ ಸಣ್ಣ ನರ್ಸಿಂಗ್ ಹೋಮುಗಳಿಗೆ ಫೋನ್ ಬಂದಾಗ ಓಡುವ ನನ್ನಂಥವರು ಇನ್ನೊಂದು. ಮೆಹದಿಪಟ್ಟಣಂ, ಟೋಲಿಚೌಕಿ, ಅತ್ತಾಪುರದ ಸುತ್ತಮುತ್ತ ಏಳೆಂಟು ಕಡೆ ನನ್ನ ನಂಬರು ಗೋಡೆಗೆ ಅಂಟಿಸಿದ್ದಾರೆ. ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ಕಪ್ಪು ಬ್ಯಾಗು ಸದಾ ಇರುತ್ತದೆ. ಅದರಲ್ಲಿ ಲ್ಯಾರಿಂಗೋಸ್ಕೋಪು, ಸಣ್ಣ ದೊಡ್ಡ ಅಳತೆಯ ಉಸಿರುನಳಿಗೆಗಳು, ಪಲ್ಸ್ ಆಕ್ಸಿಮೀಟರು, ತುರ್ತಿನ ಔಷಧಿ. ಅದರ ಪಕ್ಕದಲ್ಲೇ ಮಗಳ ಬ್ಯಾಡ್ಮಿಂಟನ್ ರಾಕೆಟ್ಟು, ಮಡಚಿದ ಚಾಪೆ, ನೀರಿನ ಬಾಟಲಿ, ಅತ್ತೆಯವರ ಖಡಕ್ ರೊಟ್ಟಿಯ ಡಬ್ಬಿ. ಒಮ್ಮೆ ಶೇಂಗಾ ಹಿಂಡಿಯ ಡಬ್ಬಿಗೆ ಕೈ ಹಾಕಿದ ಅತ್ತೆಯವರಿಗೆ ಲ್ಯಾರಿಂಗೋಸ್ಕೋಪು ಸಿಕ್ಕಿತು. "ಇದೇನವ್ವ, ಯಾವ ಇಕ್ಕಳಾ ಇದು?" ಅಂತ ತಿರುಗಿಸಿ ಮುರುಗಿಸಿ ನೋಡಿದರು. ಇಷ್ಟರ ಮೇಲೆ ನಮ್ಮ ಮನೆಯ ಸಂಸಾರ ಹೇಗಿರುತ್ತದೆ ಅಂತ ನೀವೇ ಊಹಿಸಿಕೊಳ್ಳಬಹುದು.

ನಮ್ಮ ಕಲಬುರಗಿ ಕಡೆ ಯಾರಾದರೂ ಎದುರಾದರೆ ಮೊದಲ ಮಾತು "ಊಟ ಆತೇನ್ರಿ?" ನಾನೂ ದಿನಕ್ಕೆ ಹತ್ತು ಸಲ ಅದನ್ನೇ ಕೇಳುತ್ತೇನೆ, ತೆಲುಗಿನಲ್ಲಿ, ಹೈದರಾಬಾದಿ ಹಿಂದಿಯಲ್ಲಿ. ಆದರೆ "ಆಗಿಲ್ಲ" ಅಂದರೆ ಖುಷಿಪಡುವ ಕನ್ನಡತಿ ಬಹುಶಃ ನಾನೊಬ್ಬಳೇ. ಅರಿವು ತಪ್ಪಿದವರ ಹೊಟ್ಟೆಯಲ್ಲಿ ಇದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಅದಕ್ಕೇ ಗಟ್ಟಿ ಆಹಾರವಾದರೆ ಆರು ಗಂಟೆ, ಬರೀ ನೀರಾದರೆ ಎರಡು ಗಂಟೆ ಕಳೆದಿರಬೇಕು. ತುರ್ತು ಕೇಸುಗಳಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅವು ಬಿರಿಯಾನಿ ತಿಂದುಕೊಂಡೇ ಬರುತ್ತವೆ.

ಮನೆಯವರಿಗೂ ಒಂದು ಲೆಕ್ಕ ಇದೆ, ಇಪ್ಪತ್ತು ನಿಮಿಷದ್ದು. ಫೋನ್ ಬಂದ ಇಪ್ಪತ್ತು ನಿಮಿಷದಲ್ಲಿ ನಾನು ಥಿಯೇಟರಿನಲ್ಲಿರಬೇಕು. ತಾಯಿಗೋ ಮಗುವಿಗೋ ಜೀವಕ್ಕೆ ಅಪಾಯವಿರುವ ಸಿಸೇರಿಯನ್ ಆದರೆ, ತೀರ್ಮಾನವಾದ ಮೂವತ್ತು ನಿಮಿಷದೊಳಗೆ ಮಗು ಹೊರಗೆ ಬರಬೇಕು ಎನ್ನುವುದು ನಮ್ಮ ವೈದ್ಯಕೀಯದ ಗುರಿ. ಹಾಗಾಗಿ ರವಿವಾರದ ತಿರುಗಾಟಕ್ಕೆ ಹೊರಟಾಗ ನಮ್ಮವರು ಜಾಗ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡುವುದಿಲ್ಲ, ಎಷ್ಟು ದೂರ ಅಂತ ನೋಡುತ್ತಾರೆ. ಗೋಲ್ಕೊಂಡ ಆಗುತ್ತದೆ, ಕುತುಬ್‌ಶಾಹಿ ಗೋರಿಗಳು ಆಗುತ್ತವೆ, ರಸ್ತೆ ಖಾಲಿ ಇದ್ದರೆ ಝೂ ಪಾರ್ಕೂ ಆದೀತು. ಅನಂತಗಿರಿ ಗುಡ್ಡ ಆಗುವುದಿಲ್ಲ. ನಾಗಾರ್ಜುನಸಾಗರದ ಮಾತೇ ಬೇಡ. ಗೂಟಕ್ಕೆ ಕಟ್ಟಿದ ಎಮ್ಮೆ ಹಗ್ಗ ಮುಟ್ಟುವಷ್ಟು ಹುಲ್ಲನ್ನೇ ಮತ್ತೆ ಮತ್ತೆ ಮೇಯುವ ಹಾಗೆ, ನಾವು ಗೋಲ್ಕೊಂಡವನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ.

ಬರಲು ಆಗುವುದಿಲ್ಲ ಅಂತ ಹೇಳಬಾರದೇ ಅಂತ ನೀವು ಕೇಳಬಹುದು. ಹೇಳಬಹುದು. ಒಂದು ಸಲ ಹೇಳಿದರೆ ಪಾಪ ಅನ್ನುತ್ತಾರೆ. ಎರಡನೆಯ ಸಲ "ಸರಿ ಮೇಡಂ" ಅನ್ನುತ್ತಾರೆ. ಮೂರನೆಯ ಸಲ ಫೋನೇ ಬರುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಟೇಬಲ್ಲಿನ ಮೇಲೆ ರೋಗಿಯನ್ನು ಮಲಗಿಸಿಕೊಂಡ ಸರ್ಜನ್ನರಿಗೆ ಬರುವವರು ಬೇಕು, ಬಾರದವರ ಕಾರಣ ಬೇಕಿಲ್ಲ. ಊರಲ್ಲಿದ್ದಿದ್ದರೆ ಮಗಳನ್ನು ಕಾಕಾನ ಮನೆಯಲ್ಲೋ ಸೋದರತ್ತೆಯ ಮನೆಯಲ್ಲೋ ಬಿಟ್ಟು ಓಡಬಹುದಿತ್ತು. ಇಲ್ಲಿ ಇವರು, ಅತ್ತೆಯವರು, ಮಗಳು, ಇಷ್ಟೇ ನಮ್ಮ ಬಳಗ. ಹಾಗಾಗಿ ಎಷ್ಟೋ ಸಂಜೆ ಮೂವರೂ ನರ್ಸಿಂಗ್ ಹೋಮಿನ ಹೊರಗೆ ಕಾರಿನಲ್ಲೇ ಕೂತು ಮಿರ್ಚಿ ಭಜ್ಜಿ ತಿಂದಿದ್ದಾರೆ. ಯಾವ ನರ್ಸಿಂಗ್ ಹೋಮಿನ ಎದುರು ಯಾವ ಬಂಡಿಯ ಭಜ್ಜಿ ಚೆನ್ನಾಗಿರುತ್ತದೆ ಅಂತ ಅತ್ತೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಹೋದ ವರ್ಷ ನವೆಂಬರಿನ ಒಂದು ರವಿವಾರ ಗೋಲ್ಕೊಂಡಕ್ಕೆ ಹೋಗಿದ್ದೆವು. ಅಲ್ಲಿಯ ಚಪ್ಪಾಳೆ ನಿಮಗೂ ಗೊತ್ತಿರಬಹುದು. ಕೆಳಗೆ ಪ್ರವೇಶದ ಗುಮ್ಮಟದಡಿ ನಿಂತು ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯ ಬಾಲಾ ಹಿಸಾರಿನಲ್ಲಿ ಕೇಳಿಸುತ್ತದೆ. ಶತ್ರು ಬಂದರೆ ಮೇಲಿದ್ದವರಿಗೆ ಸುದ್ದಿ ಮುಟ್ಟಿಸಲು ಮಾಡಿದ ಏರ್ಪಾಡು ಅನ್ನುತ್ತಾರೆ. ಒಂಬತ್ತು ವರ್ಷದ ಮಗಳಿಗೆ ಅದನ್ನು ಪರೀಕ್ಷೆ ಮಾಡಿಯೇ ನಂಬಬೇಕಿತ್ತು. ಅಪ್ಪನ ಜೊತೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಮೇಲೆ ನಿಂತಳು. ಮೊಣಕಾಲು ನೋವಿನ ಅತ್ತೆಯವರು ಹುಲ್ಲಿನ ಮೇಲೆ ಕೂತರು. ನಾನು ಮೂರು ಸಲ ಚಪ್ಪಾಳೆ ತಟ್ಟಬೇಕು, ಅವಳು ಎಣಿಸಬೇಕು ಅಂತ ಕರಾರು. "ಮೇಲೆ ಬಂದೀವಿ, ಈಗ ತಟ್ಟು" ಅಂತ ಇವರ ಫೋನು ಬಂತು. ಒಂದು ಚಪ್ಪಾಳೆ ತಟ್ಟಿದೆ. ಫೋನು ಮತ್ತೆ ನಡುಗಿತು. ಈ ಸಲ ನರ್ಸಿಂಗ್ ಹೋಮು.

ಹೊಟ್ಟೆಯ ನೀರು ಒಡೆದ ಮೇಲೆ ಹೊಕ್ಕುಳ ಬಳ್ಳಿ ಮಗುವಿನ ತಲೆಗಿಂತ ಮೊದಲೇ ಕೆಳಗೆ ಜಾರಿತ್ತು. ಹಾಗಾದಾಗ ತಲೆ ಬಳ್ಳಿಯನ್ನು ಒತ್ತುತ್ತದೆ, ಮಗುವಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಅತ್ತೆಯವರಿಗೆ ಕೈ ಮಾಡಿ ಹೇಳಿ ಕಾರಿಗೆ ಓಡಿದೆ. ನಾನು ಮುಟ್ಟುವ ಹೊತ್ತಿಗೆ ನರ್ಸೊಬ್ಬಳು ಮಗುವಿನ ತಲೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದೇ ನಿಂತಿದ್ದಳು. ಅವಳ ಕೈ ನಡುಗುತ್ತಿತ್ತು, ಆದರೆ ಬಿಟ್ಟಿರಲಿಲ್ಲ. ಮಗುವಿನ ಎದೆಬಡಿತ ನಿಮಿಷಕ್ಕೆ 80. ಇರಬೇಕಾದದ್ದು 110ರಿಂದ 160. ಬೆನ್ನಿಗೆ ಸೂಜಿ ಕೊಟ್ಟು ಕಾಯುವಷ್ಟು ಪುರುಸೊತ್ತಿರಲಿಲ್ಲ, ಪೂರ್ತಿ ಅರಿವಳಿಕೆಯೇ ಕೊಡಬೇಕಾಯಿತು. ಆಮ್ಲಜನಕದ ಮಾಸ್ಕು ಹಿಡಿದಾಗ ಆ ಹುಡುಗಿ ನನ್ನ ಮುಂಗೈ ಹಿಡಿದುಕೊಂಡು ತೆಲುಗಿನಲ್ಲಿ ಒಂದೇ ಮಾತು ಕೇಳಿದಳು: ಪಾಪು ಅಳ್ತದಾ? ಉತ್ತರ ಹೇಳುವುದರೊಳಗೆ ನಿದ್ದೆಗೆ ಜಾರಿದಳು.

ಮಗು ಹೊರಬಂದಾಗ ಸಪ್ಪಗಿತ್ತು. ಮಕ್ಕಳ ಡಾಕ್ಟರು ಒರೆಸಿ, ಬೆನ್ನು ತೀಡಿ, ಪುಟ್ಟ ಮಾಸ್ಕಿನಲ್ಲಿ ಉಸಿರು ಕೊಟ್ಟರು. ಥಿಯೇಟರಿನಲ್ಲಿ ಮಾನಿಟರಿನ ಬೀಪ್ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಅತ್ತಿತು. ಮೊದಲು ಬೆಕ್ಕಿನ ಮರಿಯ ಹಾಗೆ, ನಂತರ ಹೊರಗಿದ್ದವರಿಗೂ ಕೇಳುವ ಹಾಗೆ. ಅಲ್ಲಿದ್ದ ಎಲ್ಲರೂ ಆ ಅಳು ಕೇಳಿದೆವು, ತಾಯಿಯೊಬ್ಬಳನ್ನು ಬಿಟ್ಟು. ಮಗು ಬಂತೆಂದು ನನ್ನ ಕೆಲಸ ಮುಗಿಯುವುದಿಲ್ಲ. ಮಲಗಿಸಿದವಳೇ ಎಬ್ಬಿಸಬೇಕು. ಹೊಲಿಗೆ ಮುಗಿದು, ಆಕೆ ಕಣ್ಣು ಬಿಟ್ಟು, ಹೇಳಿದಾಗ ತಲೆ ಎತ್ತಿ ತೋರಿಸಿ, ಉಸಿರು ಹದಕ್ಕೆ ಬರುವ ತನಕ ಪಕ್ಕದಲ್ಲೇ ಇದ್ದೆ. ಮನೆ ಸೇರಿದಾಗ ರಾತ್ರಿ ಒಂಬತ್ತು. ಅವರು ಮೂವರೂ ಕ್ಯಾಬ್ ಮಾಡಿಕೊಂಡು ಬಂದಿದ್ದರು.

ಮಗಳು ಮಲಗಿರಲಿಲ್ಲ. "ಮೂರು ಸಲ ಅಂದಿದ್ದಿ. ಒಂದೇ ಕೇಳಿಸ್ತು" ಅಂದಳು.

ನಡೆದದ್ದನ್ನು ಅವಳಿಗೆ ತಿಳಿಯುವಷ್ಟು ಹೇಳಿದೆ. ಪಾಪುವಿನ ಅಳು ಅದರ ಅಮ್ಮನಿಗೇ ಕೇಳಿಸಲಿಲ್ಲ ಅನ್ನುವುದು ಅವಳಿಗೆ ಭಾರಿ ಅನ್ಯಾಯವಾಗಿ ಕಂಡಿತು.

"ಮತ್ತ ಅವರಿಗೆ ಯಾರು ಹೇಳಿದ್ರು?"

"ನಾನೇ ಹೇಳ್ದೆ. ಎಚ್ಚರ ಆದ ಕೂಡಲೇ."

"ಏನಂತ?"

"ಭಾಳ ಜೋರ ಅತ್ತಾಳ ನಿನ್ನ ಮಗಳು ಅಂತ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತ, "ಆದ್ರೂ ಎರಡು ಬಾಕಿ" ಅಂದಳು. ಅದಕ್ಕೆ ನನ್ನ ಬಳಿ ಮಾತಿರಲಿಲ್ಲ. ಒಂದು ಜೀವ ಉಳಿಯಿತು ಅನ್ನುವುದು ನಿಜ. ಅವಳ ಎರಡು ಚಪ್ಪಾಳೆ ಬಾಕಿ ಅನ್ನುವುದೂ ಅಷ್ಟೇ ನಿಜ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ವಜಾ ಮಾಡುವ ಲೆಕ್ಕ ಮಕ್ಕಳಲ್ಲಿ ನಡೆಯುವುದಿಲ್ಲ. ನಡೆಯಲೂ ಬಾರದು ಅಂತ ನನಗೆ ಈಗೀಗ ಅನ್ನಿಸುತ್ತದೆ.

ಆ ರಾತ್ರಿಯ ನಂತರ ಮಗಳಿಗೆ ನನ್ನ ಕೆಲಸದ ಬಗ್ಗೆ ಕುತೂಹಲ ಹತ್ತಿತು. ಒಂದು ರವಿವಾರ ಬೆಳಿಗ್ಗೆ ಅವಳನ್ನು ಅಫ್ಜಲ್‌ಗಂಜಿಗೆ, ಮೂಸಿ ನದಿಯ ದಂಡೆಯ ಉಸ್ಮಾನಿಯಾ ಆಸ್ಪತ್ರೆಯ ಆವರಣಕ್ಕೆ ಕರೆದುಕೊಂಡು ಹೋದೆ. ಅಲ್ಲೊಂದು ಹಳೆಯ ಹುಣಸೆ ಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಊರು ಕೊಚ್ಚಿಹೋದಾಗ ಸುಮಾರು 150 ಜನ ಈ ಮರ ಹತ್ತಿ ಬದುಕಿಕೊಂಡರು ಅನ್ನುತ್ತಾರೆ. ಆ ಪ್ರವಾಹದ ಬಳಿಕವೇ ನಿಜಾಮ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿದ್ದು, ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕೆರೆಗಳು ಎದ್ದದ್ದು.

ನನ್ನ ಕಸುಬಿನ ಚರಿತ್ರೆಯಲ್ಲೂ ಈ ಊರಿಗೆ ಒಂದು ಪುಟ ಇದೆ. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಇದ್ದಕ್ಕಿದ್ದಂತೆ ಸಾಯುತ್ತಿದ್ದ ಕಾಲ. ಮೊದಲು ನಿಲ್ಲುವುದು ಉಸಿರೋ ಗುಂಡಿಗೆಯೋ ಎಂಬ ಜಗಳ ತೀರಿಸಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಪ್ರಯೋಗ ನಡೆಸಿದವು. ಖರ್ಚು ನಿಜಾಮರದು. ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಅವರ ವಾದ ಒಂದೇ, ಉಸಿರನ್ನು ನೋಡಿ ಸಾಕು. ಗುಂಡಿಗೆಯೂ ಮೊದಲೇ ನಿಲ್ಲಬಹುದು ಅಂತ ಮುಂದೆ ಗೊತ್ತಾಯಿತು. ಈಗ ನಾವು ಎರಡನ್ನೂ ನೋಡುತ್ತೇವೆ, ಯಂತ್ರ ಇಟ್ಟು, ಯಂತ್ರದ ಮೇಲೆ ಕಣ್ಣೂ ಇಟ್ಟು. ಅದೇ ಕಾಲದಲ್ಲಿ ಇಲ್ಲಿ ವೈದ್ಯ ಕಲಿತು ಕ್ಲೋರೋಫಾರ್ಮ್ ಕೊಡುತ್ತಿದ್ದವರು ರೂಪಾಬಾಯಿ ಫರ್ದೂಂಜಿ. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರೂ ಒಬ್ಬರು. "ಹಂಗಂದ್ರ ಮೊದಲ್ನೇ ಮತ್ತು ಡಾಕ್ಟರಮ್ಮ ಇಲ್ಲಿಯವ್ರೇ?" ಅಂತ ಮಗಳು ಕಣ್ಣರಳಿಸಿದಳು. ಆ ದಿನ ಫೋನು ಬರಲಿಲ್ಲ. ಬಂದಿದ್ದರೂ ಹದಿನೈದೇ ನಿಮಿಷದ ದಾರಿ.

ಹಗ್ಗ ಬಿಚ್ಚಿದ್ದು ಈ ಫೆಬ್ರವರಿಯಲ್ಲಿ. ನನ್ನಂತೆಯೇ ಓಡಾಡುವ ಗೆಳತಿಯೊಬ್ಬಳಿದ್ದಾಳೆ, ನಿಜಾಮಾಬಾದಿನವಳು. ಇಬ್ಬರೂ ಕೂತು ಮಾತಾಡಿಕೊಂಡೆವು. ತಿಂಗಳಲ್ಲಿ ಒಂದು ಶನಿವಾರ ರವಿವಾರ ನನ್ನ ಫೋನುಗಳನ್ನು ಅವಳು ಹಿಡಿಯುವುದು, ಇನ್ನೊಂದು ವಾರ ಅವಳವನ್ನು ನಾನು. ಸರ್ಜನ್ನರಿಗೆಲ್ಲ ಮೊದಲೇ ಹೇಳಿದೆವು. ಒಬ್ಬರು ಗೊಣಗಿದರು, ಉಳಿದವರು ಒಪ್ಪಿದರು.

ಮೊದಲ ಸಲ ಬೀದರಿಗೆ ಹೋದೆವು, ಸುಮಾರು 140 ಕಿಲೋಮೀಟರು. ಜಹೀರಾಬಾದ್ ದಾಟಿ ಕನ್ನಡದ ಬೋರ್ಡು ಕಂಡಾಗ ಅತ್ತೆಯವರು ಒಂದೊಂದನ್ನೂ ಜೋರಾಗಿ ಓದುತ್ತ ಬಂದರು. ಕೋಟೆ ನೋಡಿದೆವು, ಮಹಮೂದ್ ಗವಾನನ ಮದರಸಾ ನೋಡಿದೆವು, ರಾತ್ರಿ ಅಲ್ಲೇ ಉಳಿದೆವು. ಮೊದಲರ್ಧ ದಿನ ನನ್ನ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಬಾರದ ಫೋನು ನಡುಗಿದ ಹಾಗೆ ಆಗುತ್ತಿತ್ತು. ಸಂಜೆಯ ಹೊತ್ತಿಗೆ ಮರೆತೆ. ಅಂದು ರಾತ್ರಿ ಮಲಗಿದ್ದು ಬೆಳಗಾದ ಮೇಲೇ ಗೊತ್ತಾಯಿತು.

ವಾಪಸು ಬಂದ ಮೇಲೆ ಗೆಳತಿ ಸಹಜವಾಗಿ ಹೇಳಿದಳು, ನನ್ನ ಕಡೆಯಿಂದ ಮೂರು ಕಾಲ್ ಬಂದಿದ್ದವಂತೆ, ಒಂದು ರಾತ್ರಿ ಎರಡು ಗಂಟೆಗೆ. ಅವಳ ಮಗನಿಗೆ ಆ ರಾತ್ರಿ ಜ್ವರವಿತ್ತಂತೆ. ಅವಳು ದೂರಿಕೊಳ್ಳಲಿಲ್ಲ. ನನಗೆ ಮಾತ್ರ ಬೀದರಿನ ಆ ನಿದ್ದೆ ಎಲ್ಲಿಂದ ಬಂತು ಅಂತ ತಿಳಿಯಿತು. ನಾನು ಥಿಯೇಟರಿನಲ್ಲಿ ಎಚ್ಚರವಿದ್ದಾಗ ಇನ್ನೊಬ್ಬರು ಮಲಗುತ್ತಾರೆ. ನಾನು ಮಲಗಿದಾಗ ನನ್ನ ಪಾಲಿಗೂ ಯಾರೋ ಎಚ್ಚರವಿರಬೇಕಲ್ಲ.

ಹೋದ ರವಿವಾರ ಅವರ ಸರದಿ. ಮನೆಮಂದಿಯೆಲ್ಲ ನಾಗಾರ್ಜುನಸಾಗರಕ್ಕೆ ಹೊರಟರು. ನಮ್ಮಲ್ಲಿ ಎರಡೂ ಕಡೆಯ ಕಾಲ್‌ಗಳು ನನ್ನ ಒಂದೇ ಫೋನಿಗೆ. ಮಗಳು ಬೆಳಿಗ್ಗೆ ಎದ್ದವಳೇ "ಇವತ್ತ ಎಲ್ಲಿಗಿ?" ಅಂತ ಕೇಳಿದಳು. ಎಲ್ಲಿಗೂ ಇಲ್ಲ ಅಂದೆ. ಕಾರಣ ಹೇಳಿದೆ. ಮುಖ ಸಣ್ಣದಾಯಿತು, ಆದರೆ ಜಗಳ ಮಾಡಲಿಲ್ಲ. ಅಜ್ಜಿಯನ್ನು ಕೂರಿಸಿಕೊಂಡು ಚೌಕಾಬಾರದ ಮನೆ ಬರೆದಳು. ನಾಲ್ಕನೆಯ ಆಟದ ನಡುವೆ ಫೋನು ಬಂತು. ಅಪೆಂಡಿಕ್ಸು, ಹದಿನಾಲ್ಕು ವರ್ಷದ ಹುಡುಗ, ಗೆಳತಿ ಹೋಗಬೇಕಿದ್ದ ಆಸ್ಪತ್ರೆ. ಊಟ ಎಷ್ಟು ಹೊತ್ತಿಗೆ ಮಾಡಿದ್ದಾನೆ ಅಂತ ಕೇಳುತ್ತಲೇ ಚಪ್ಪಲಿ ಹುಡುಕಿದೆ. ಮಗಳು ಎದ್ದು ಕಾರಿನ ಕೀ, ನೀರಿನ ಬಾಟಲಿ ತಂದು ಕೈಗಿಟ್ಟಳು.

"ನೀ ಹೋಗು ಅಮ್ಮ, ಲಗೂನ. ಅವರು ಇನ್ನಾ ಡ್ಯಾಮ್ ನೋಡಿಲ್ಲ."