ಸೇಬಿನ ರಸಕ್ಕೆ ಒಂದು ಲಾರ್ಜ್

ಅಕ್ಟೋಬರ್ ಬಂತೆಂದರೆ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯಲ್ಲಿ ತೋಟ ತೋಟದ ಮುಂದೆಯೂ ಸೈಡರ್ ಮಾರುವ ಬೋರ್ಡು ನಿಲ್ಲುತ್ತದೆ. ಅಮೆರಿಕದವರು ಸೈಡರ್ ಅನ್ನುವುದು ಆಗತಾನೇ ಹಿಂಡಿದ, ಸೋಸದ ಸೇಬಿನ ರಸಕ್ಕೆ. ಬಣ್ಣ ಮಬ್ಬು ಕಂದು. ಕ್ಯಾನಿನ ತಳದಲ್ಲಿ ಗಸಿ ಕೂತಿರುತ್ತದೆ, ಕುಲುಕಿ ಬಗ್ಗಿಸಬೇಕು. ಎಲೆ ಕೆಂಪಾಗುವ ಕಾಲಕ್ಕೆ ಮನೆಯಲ್ಲಿ ವಿಸ್ಕಿಯ ಕಾಕ್‌ಟೇಲ್ ಮಾಡುವುದಾದರೆ ಈ ರಸದಲ್ಲೇ ಮಾಡಬೇಕು, ಮಿಕ್ಕಿದ್ದೆಲ್ಲ ಇದಕ್ಕೆ ದಾರಿ ಬಿಟ್ಟು ಹಿಂದೆ ನಿಲ್ಲಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ರಸ ತೆಗೆಯುವುದನ್ನು ನಿಂತು ನೋಡಬೇಕು. ತೊಳೆದ ಹಣ್ಣನ್ನು ಸಿಪ್ಪೆ, ಬೀಜ ಸಮೇತ ಅರೆಯುತ್ತಾರೆ. ಆ ಚರಟವನ್ನು ದಪ್ಪ ಬಟ್ಟೆಯಲ್ಲಿ ಹರಡಿ, ನಾಲ್ಕೂ ಅಂಚು ಮಡಚಿ, ಮೇಲೊಂದು ಮರದ ಚೌಕಟ್ಟು ಇಟ್ಟು, ಮತ್ತೆ ಬಟ್ಟೆ, ಮತ್ತೆ ಚರಟ, ಹೀಗೆ ಪೇರಿಸುತ್ತಾರೆ. ಯಂತ್ರ ಇನ್ನೂ ಒತ್ತಿಯೇ ಇರುವುದಿಲ್ಲ, ಪೇರಿಸಿದ ಭಾರಕ್ಕೇ ಬಟ್ಟೆಯ ಅಂಚಿನಿಂದ ರಸ ಜಿನುಗಲು ಶುರುವಾಗಿರುತ್ತದೆ. ಗಾಳಿ ತಾಗಿದ ತಿರುಳು ಕಣ್ಣೆದುರಿಗೇ ಕಂದಾಗುತ್ತದೆ. ಸುತ್ತಲೂ ಕಣಜಗಳ ಹಾರಾಟ.

ಯಾವ ಸೇಬು ಹಾಕಿದ್ದೀರಿ ಎಂದು ಕೇಳಿದರೆ ತೋಟದವರಿಗೆ ಖುಷಿಯಾಗುತ್ತದೆ. ಒಂದೇ ತಳಿಯ ಹಣ್ಣು ಹಿಂಡಿದರೆ ರಸ ಸಪ್ಪೆ. ಪರಿಮಳಕ್ಕೆ ಮ್ಯಾಕಿಂಟಾಷ್, ಹುಳಿಗೆ ನಾರ್ದರ್ನ್ ಸ್ಪೈ, ಗಟ್ಟಿ ಸಿಹಿಗೆ ಗೋಲ್ಡನ್ ರಸೆಟ್ ಎಂಬ ಒರಟು ಸಿಪ್ಪೆಯ ಹಣ್ಣು. ಎಸೋಪಸ್ ಸ್ಪಿಟ್ಜನ್‌ಬರ್ಗ್ ಎಂಬ ಹಳೆಯ ತಳಿ ಇದೇ ಕಣಿವೆಯ ಎಸೋಪಸ್ ಊರಿನದು, ಸಿಕ್ಕರೆ ಬಿಡಬಾರದು. ಸೆಪ್ಟೆಂಬರಿನ ರಸ ತೆಳು, ಹುಳಿ ಮುಂದು. ಅಕ್ಟೋಬರ್ ಕೊನೆಯ ಹೊತ್ತಿಗೆ ತಡವಾಗಿ ಮಾಗುವ ಹಣ್ಣುಗಳು ಸೇರಿ ರಸಕ್ಕೆ ಮೈ ಬರುತ್ತದೆ. ವಿಸ್ಕಿಯ ಪಕ್ಕ ನಿಲ್ಲುವ ತಾಕತ್ತು ಇರುವುದು ಅದಕ್ಕೇ.

ಈ ಜೋಡಿ ನನ್ನ ಕಲ್ಪನೆಯೇನಲ್ಲ. ಕಾಕ್‌ಟೇಲ್ ಎಂದರೆ ಏನು ಎಂದು ಅಚ್ಚಿನಲ್ಲಿ ಮೊದಲು ವಿವರಿಸಿದ್ದು ಇದೇ ಕಣಿವೆಯ ಹಡ್ಸನ್ ಎಂಬ ಊರಿನ ಪತ್ರಿಕೆ, 1806ರ ಮೇ ತಿಂಗಳಲ್ಲಿ. ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿ, ಇಷ್ಟೇ ಅದರ ಲೆಕ್ಕ. ಸೈಡರಿಗೆ ಮದ್ಯ ಬೆರೆಸುವ ರೂಢಿ ಅದಕ್ಕೂ ಹಿಂದಿನದು. ಆ ಪಾನೀಯದ ಹೆಸರು ಸ್ಟೋನ್ ಫೆನ್ಸ್. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ 1775ರಲ್ಲಿ ಈಥನ್ ಆಲನ್ ಮತ್ತವನ ದಂಡು ಬ್ರಿಟಿಷರ ಟೈಕಾಂಡರೋಗಾ ಕೋಟೆಗೆ ನುಗ್ಗುವ ಮುನ್ನ ಇದನ್ನೇ ಕುಡಿದಿದ್ದರೆಂದು ವರ್ಮಾಂಟ್ ಕಡೆಯವರು ಕತೆ ಹೇಳುತ್ತಾರೆ. ಆಗ ಬೆರೆಸುತ್ತಿದ್ದದ್ದು ರಮ್. 1862ರಲ್ಲಿ ಬಾರ್‌ಟೆಂಡರ್ ಜೆರ್ರಿ ಥಾಮಸ್ ಪಾನೀಯಗಳ ಪುಸ್ತಕ ತಂದಾಗ ಆ ಜಾಗಕ್ಕೆ ಬರ್ಬನ್ ವಿಸ್ಕಿ ಬಂದಿತ್ತು. ಒಂದು ಅಳತೆ ಬರ್ಬನ್, ಎರಡು ಮೂರು ಚೂರು ಐಸು, ಮೇಲೆ ಗ್ಲಾಸ್ ತುಂಬ ಸಿಹಿ ಸೈಡರ್. ನಾನು ಮಾಡುವುದು ಬಹುಮಟ್ಟಿಗೆ ಅದನ್ನೇ.

ಆದರೆ ಬರ್ಬನ್ ಬದಲು ರೈ ವಿಸ್ಕಿ ಹಾಕುತ್ತೇನೆ. ಬರ್ಬನ್ ಆಗಬೇಕಾದರೆ ಧಾನ್ಯದಲ್ಲಿ ನೂರಕ್ಕೆ ಕನಿಷ್ಠ 51 ಪಾಲು ಮುಸುಕಿನ ಜೋಳ ಇರಬೇಕು, ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಎಂದು ಅಮೆರಿಕದ ಕಾನೂನಿದೆ. ಜೋಳದ ಸಿಹಿಯ ಜೊತೆಗೆ ಸುಟ್ಟ ಮರ ವೆನಿಲಾ, ಕ್ಯಾರಮೆಲ್ ರುಚಿಗಳನ್ನೂ ಇಳಿಸುತ್ತದೆ. ಅದಕ್ಕೆ ಸೇಬಿನ ಸಿಹಿಯೂ ಕೂಡಿದರೆ ಮೂರನೆಯ ಗುಟುಕಿಗೇ ನಾಲಿಗೆ ದಣಿಯುತ್ತದೆ. ರೈ ಧಾನ್ಯಕ್ಕೆ ಒಂದು ಕಾರ ಇದೆ, ಮೆಣಸಿನ ಕಡೆಗೆ ವಾಲುವಂಥದು. ಅದು ರಸವನ್ನು ಚುರುಕಾಗಿಡುತ್ತದೆ. ಸಿಕ್ಕರೆ ಶೇಕಡ 50ರ ಆಲ್ಕೋಹಾಲಿನ ರೈ ಒಳ್ಳೆಯದು, ರಸ ಬೆರೆತ ಮೇಲೂ ಅದರ ದನಿ ಕೇಳುತ್ತದೆ. ಊರಿಂದ ಬಂದವರು ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ತಂದುಕೊಟ್ಟರೆ ಅದನ್ನು ಮಾತ್ರ ಸೈಡರಿಗೆ ಬೆರೆಸುವುದಿಲ್ಲ. ಬೆಂಗಳೂರಿನ ಬಿಸಿಗೆ ವರ್ಷಕ್ಕೆ ಪೀಪಾಯಿಯ ಹತ್ತನೆಯ ಒಂದು ಪಾಲಿಗೂ ಹೆಚ್ಚು ಆವಿಯಾಗಿ ಹೋಗಿ ಉಳಿದದ್ದು ಅದು. ನಾಲ್ಕು ಹನಿ ನೀರು ಸಾಕು ಅದಕ್ಕೆ.

ಅಳತೆ ಹೀಗೆ. ನಮ್ಮ ಬಾರುಗಳ ಲೆಕ್ಕದ ಒಂದು ಲಾರ್ಜ್, ಅಂದರೆ 60 ಎಂ.ಎಲ್. ರೈ. ಅದರ ಎರಡರಷ್ಟು ತಣ್ಣಗಿನ ಸೈಡರ್. ಅಂಗಸ್ಟೂರಾ ಬಿಟರ್ಸ್ ಎರಡು ಚಿಮುಕು. 1824ರಲ್ಲಿ ವೆನಿಜುವೆಲಾದಲ್ಲಿ ಒಬ್ಬ ಜರ್ಮನ್ ವೈದ್ಯ ಔಷಧಿಯೆಂದು ತಯಾರಿಸಿದ ಈ ಕಹಿ ಈಗ ಬರುವುದು ಟ್ರಿನಿಡಾಡಿನಿಂದ. ಎರಡೇ ಚಿಮುಕಿಗೆ ಸಿಹಿಯ ಅಂಚು ಕತ್ತರಿಸಿದಂತಾಗುತ್ತದೆ. ರಸ ತೀರಾ ಹುಳಿಯಿದ್ದರಷ್ಟೇ ಒಂದು ಟೀ ಚಮಚ ಮೇಪಲ್ ಸಿರಪ್. ಅಕ್ಟೋಬರಿನಲ್ಲಿ ಬೆಟ್ಟವನ್ನು ಕೆಂಪು ಮಾಡುವ ಶುಗರ್ ಮೇಪಲ್ ಮರದ್ದೇ ಈ ಸಿರಪ್, ಆದರೆ ಇಳಿಸುವುದು ಚಳಿಗಾಲದ ಕೊನೆಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ. 40 ಗ್ಯಾಲನ್‌ನಷ್ಟು ಮರದ ನೀರು ಕಾಯಿಸಿದರೆ ಉಳಿಯುವುದು ಒಂದು ಗ್ಯಾಲನ್. ವರ್ಷಗಟ್ಟಲೆ ಪೀಪಾಯಿಯಲ್ಲಿದ್ದ ವಿಸ್ಕಿ, ಹೋದ ಮಾರ್ಚಿನ ಸಿರಪ್, ಈ ವಾರದ ಹಣ್ಣು, ಎಲ್ಲ ಒಂದೇ ಗ್ಲಾಸಿನಲ್ಲಿ. ಇವುಗಳಲ್ಲಿ ಕಾಯಲಾರದ್ದು ಹಣ್ಣೊಂದೇ, ಆದ್ದರಿಂದ ಮರ್ಯಾದೆ ಮೊದಲು ಅದಕ್ಕೆ ಸಲ್ಲಬೇಕು.

ಐಸು ದೊಡ್ಡ ಗಡ್ಡೆಯಿರಲಿ. ಚೂರು ಐಸು ಬೇಗ ಕರಗಿ ನೀರಾಗಿಸುತ್ತದೆ. ಉದ್ದ ಚಮಚದಲ್ಲಿ ನಿಧಾನ ತಿರುಗಿಸಿ, ಕುಲುಕಬೇಡಿ. ಕಿತ್ತಳೆ ಸಿಪ್ಪೆಯ ಒಂದು ಪಟ್ಟಿಯನ್ನು ಒಳಗಿನ ಬಿಳಿ ಭಾಗ ಬಾರದ ಹಾಗೆ ತೆಳ್ಳಗೆ ಹೆರೆದು, ಬಣ್ಣದ ಮೈ ಕೆಳಗೆ ಮಾಡಿ ಗ್ಲಾಸಿನ ಮೇಲೆ ಹಿಂಡಬೇಕು. ದೀಪದ ಬೆಳಕಿಗೆ ಹಿಡಿದರೆ ಸಣ್ಣ ಎಣ್ಣೆಯ ತುಂತುರು ಕಾಣುತ್ತದೆ. ಮೂಗಿಗೆ ಮೊದಲು ಬಡಿಯುವುದು ಅದೇ.

ಇನ್ನು ಮಸಾಲೆ. ಈ ಕಾಲದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಕಾಫಿಯಿಂದ ಹಿಡಿದು ಮೇಣದ ಬತ್ತಿಯವರೆಗೆ ದಾಲ್ಚಿನ್ನಿ, ಲವಂಗ, ಜಾಯಿಕಾಯಿಯ ವಾಸನೆ. ಕಾಕ್‌ಟೇಲಿಗೂ ಅದನ್ನೇ ಸುರಿದು ಶರತ್ಕಾಲ ಬಂತು ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅತ್ತೆಯವರು ಹಾಸನದಿಂದ ಬಂದಿದ್ದಾಗ ಸೈಡರ್ ರುಚಿ ನೋಡಿ, "ಇದು ಸೇಬಿನ ಪಾನಕ ಅಲ್ವೇನ್ರೀ?" ಎಂದು ತಾವೇ ಒಲೆಯ ಮುಂದೆ ನಿಂತರು. ಸಣ್ಣ ಉರಿ, ಒಂದು ಚೂರು ಜಜ್ಜಿದ ಶುಂಠಿ, ಬಿಡಿಸಿದ ಒಂದು ಏಲಕ್ಕಿ. ನಾನು ಡಬ್ಬಿಗೆ ಇನ್ನೊಮ್ಮೆ ಕೈ ಹಾಕಿದಾಗ, "ಒಂದೇ ಸಾಕು ಕಣ್ರೀ, ಹಣ್ಣಿನ ರುಚಿ ಮುಂದೆ ಬರ್ಬೇಕು" ಎಂದರು. ರಾಮನವಮಿಗೆ ಊರವರಿಗೆಲ್ಲ ಪಾನಕ ಮಾಡಿ ಹಂಚಿದ ಕೈ ಅದು. ಅವರು ವಿಸ್ಕಿ ಮುಟ್ಟುವವರಲ್ಲ, ಆದರೂ ಈ ಕಾಕ್‌ಟೇಲಿನ ಬಗ್ಗೆ ನಾನು ಕೇಳಿದ ಅತ್ಯುತ್ತಮ ಸಲಹೆ ಅದೇ.

ನವೆಂಬರಿನ ಚಳಿಗೆ ಅತ್ತೆಯವರ ಆ ಬಿಸಿ ಸೈಡರನ್ನೇ ಬಳಸುತ್ತೇನೆ. ಕುದಿ ಬರುವ ಮೊದಲೇ ಒಲೆಯಿಂದ ಇಳಿಸಿ, ಆಮೇಲಷ್ಟೇ ವಿಸ್ಕಿ ಬೆರೆಸುವುದು. ಆಲ್ಕೋಹಾಲು 78 ಡಿಗ್ರಿಗೇ ಕುದಿಯುತ್ತದೆ, ಒಲೆಯ ಮೇಲೆ ಬೆರೆಸಿದರೆ ಪರಿಮಳವೂ ಅದರ ಹಿಂದೆ ಹೋಗುತ್ತದೆ. ನಮ್ಮ ಮನೆಯಲ್ಲಿ ಬೊಂಬೆ ಕೂರಿಸುವ ಒಂಬತ್ತು ದಿನ ಬಾಟಲಿ ಕಪಾಟಿನಿಂದ ಇಳಿಯುವುದಿಲ್ಲ. ಆಗ ಏಲಕ್ಕಿ ಸೈಡರ್ ಮಾತ್ರ, ಮಕ್ಕಳಿಗೂ ಅದೇ, ನೋಡಲು ಬಂದವರಿಗೂ ಅದೇ. ವಿಜಯದಶಮಿ ಕಳೆಯುವ ಹೊತ್ತಿಗೆ ಹೇಗೂ ತಡದ ಹಣ್ಣುಗಳು ಬಂದಿರುತ್ತವೆ.

ಒಳ್ಳೆಯ ಸೈಡರ್ ಫ್ರಿಜ್ಜಿನಲ್ಲಿ ಹೆಚ್ಚು ದಿನ ತಾಳುವುದಿಲ್ಲ. ಕ್ಯಾನಿನ ಭುಜ ಉಬ್ಬಿ, ಮುಚ್ಚಳ ತೆಗೆದಾಗ ಸುಯ್ ಎಂದರೆ ಹುಳಿಯೇಳಲು ಶುರುವಾಗಿದೆ ಎಂದರ್ಥ. ಹೆಚ್ಚು ಕೊಂಡಿದ್ದರೆ ಕತ್ತಿನ ಹತ್ತಿರ ನಾಲ್ಕು ಬೆರಳು ಜಾಗ ಬಿಟ್ಟು ಫ್ರೀಜರಿನಲ್ಲಿ ಇಡಬಹುದು. ಜನವರಿಯಲ್ಲಿ ಕರಗಿಸಿದರೆ ಬಿಸಿ ಮಾಡಿ ಕುಡಿಯಲು ಏನೂ ತೊಂದರೆಯಿಲ್ಲ. ಐಸಿನ ಗ್ಲಾಸಿಗೆ ಮಾತ್ರ ಆ ವಾರ ಹಿಂಡಿದ್ದೇ ಬೇಕು, ಅದಕ್ಕೆ ಬದಲಿ ನನಗೆ ಸಿಕ್ಕಿಲ್ಲ.